ಬಳಸುವುದು ಬೇರೆ, ಬಲ್ಲುದು ಬೇರೆ

ಕಳೆದ ಶ್ರಾವಣ ಮಾಸದಲ್ಲಿ ಪ್ರವಚನದ ನಿಮಿತ್ತ ನಾವು ಸೇಡಂ ತಾಲ್ಲೂಕಿನ ಆಡಕಿಗೆ ಹೋಗಿ ಒಂದು ತಿಂಗಳು ಅಲ್ಲಿಯೇ ತಂಗಿದ್ದೆವು. ಹೋದದ್ದು ಹೇಳುವುದಕ್ಕೆ, ಆದರೆ ಮರಳುವಾಗ ಕಲಿತು ಬಂದೆವು. ಕಲಿಸಿದವಳು ಇಪ್ಪತ್ತಮೂರರ ಹರೆಯದ ಒಬ್ಬ ಕುವರಿ. ಕಲಿತ ವಿಷಯ ಗಣಕಯಂತ್ರಕ್ಕೆ ಸಂಬಂಧಿಸಿದ್ದು. ಮಠದ ಜಗಲಿಯ ಮೇಲೆ ಕುಳಿತು ವ್ಯಾಕರಣ, ಛಂದಸ್ಸುಗಳನ್ನು ಅಭ್ಯಾಸ ಮಾಡಿದ ನಮ್ಮಂಥವರಿಗೂ ಗಣಕಯಂತ್ರಕ್ಕೂ ಎಲ್ಲಿಯ ನಂಟು ಎಂದು ಓದುಗ ಬಂಧುಗಳು ಕೇಳಬಹುದು. ನಂಟು ಉಂಟು. ಇಂದು ನಮ್ಮ ಮನೆಮನೆಗಳಲ್ಲಿ ಮಕ್ಕಳು ಈ ವಿದ್ಯೆಯನ್ನು ಕಲಿಯುತ್ತಿದ್ದಾರೆ. ತಾಯಿತಂದೆಗಳು ಹೊಲದ ಆದಾಯವನ್ನೆಲ್ಲ ಅದಕ್ಕೆ ಸುರಿಯುತ್ತಿದ್ದಾರೆ. ಆದುದರಿಂದ ಅದನ್ನು ಕಲಿಯುವ ಬಗೆ ಯಾವುದೆಂಬ ಪ್ರಶ್ನೆ ಎಲ್ಲರದೂ ಆಗಿದೆ.

ಮೊದಲು ನಮ್ಮ ಸ್ವಾರ್ಥವನ್ನು ಹೇಳಿಬಿಡುತ್ತೇವೆ. ನಲವತ್ತು ವರುಷಗಳಿಂದ ನಾವು ವಚನಗಳನ್ನು ಓದುವಾಗ ಕಂಡ ಅಪರೂಪದ ಪದಗಳನ್ನು ಚೀಟಿಗಳಲ್ಲಿ ಬರೆದಿಡುತ್ತ ಬಂದಿದ್ದೇವೆ. ಪದ, ಅದರ ಅರ್ಥ, ಅದನ್ನು ಬಳಸಿದ ಶರಣರ ಹೆಸರು, ವಚನದ ಅಂಕೆ, ಇಷ್ಟು ಒಂದೊಂದು ಚೀಟಿಯಲ್ಲಿ. ಅಂಥ ಎಂಟು ಸಾವಿರದಷ್ಟು ಚೀಟಿಗಳು ತಗಡಿನ ಡಬ್ಬಿಗಳಲ್ಲಿ ತುಂಬಿವೆ. ಈಚೆಗೆ ಅವುಗಳಲ್ಲಿ ಕೆಲವನ್ನು ಹುಳು ತಿಂದಿತು; ಕೆಲವುಗಳ ಮಸಿ ಮಾಸಿತು. ನಮ್ಮ ಕಣ್ಣೂ ಮೊದಲಿನಂತಿಲ್ಲ. ಜೀವಮಾನದ ದುಡಿಮೆ ಡಬ್ಬಿಯಲ್ಲಿಯೇ ಮಣ್ಣಾದೀತೆಂಬ ಚಿಂತೆ ನಮ್ಮನ್ನು ಕಾಡತೊಡಗಿತ್ತು.

ಆಡಕಿಯ ನಮ್ಮ ಆತಿಥೇಯರು ಪ್ರಸಾದ ನಿಲಯದಲ್ಲಿ ನಮ್ಮೊಡನೆ ಓದಿದವರು. ಅವರ ಮೊಮ್ಮಗಳು ಬಿ.ಸಿ.ಎ. ಪದವೀಧರೆ. ದೊಡ್ಡ ನಗರವೊಂದರ ತರಬೇತಿ ಕೇಂದ್ರದಲ್ಲಿ ಆರು ತಿಂಗಳು ಹಣ ತೆತ್ತು ಜಾಲತಾಣ ಕಟ್ಟುವ ವಿದ್ಯೆಯನ್ನು ಕಲಿತು ಬಂದವಳು. ಶಿವರಾತ್ರಿಯ ಹೊತ್ತಿಗೆ ನಮ್ಮ ಚಿಂತೆಯನ್ನು ಕೇಳಿದ ಆಕೆ, “ನಾ ಮಾಡಿ ಕೊಡ್ತೀನ್ರಿ ಮುತ್ಯಾ” ಎಂದು ಮುನ್ನೂರು ಚೀಟಿಗಳನ್ನು ಕೊಂಡೊಯ್ದಳು. ಹದಿನೈದೇ ದಿನಗಳಲ್ಲಿ ಅಂದವಾದ ತಾಣವೊಂದು ಸಿದ್ಧವಾಯಿತು. ಒಂದೊಂದು ಪದಕ್ಕೂ ಒಂದೊಂದು ಪುಟ, ಒಂದೊಂದು ವಿಳಾಸ. ನಮಗಾದ ಹರ್ಷಕ್ಕೆ ಪಾರವಿರಲಿಲ್ಲ.

ಆ ಹರ್ಷ ಬಹುಕಾಲ ನಿಲ್ಲಲಿಲ್ಲ. ನಾವು ‘ಕುಲ’ ಎಂಬ ಪದದ ಚೀಟಿಯನ್ನು ಕೇಳಿದರೆ ಯಂತ್ರ ‘ಕೋಲು’ ಎಂಬುದನ್ನು ತಂದಿತು. ‘ಕಾಲ’ ಕೇಳಿದರೂ ಕೋಲು, ‘ಕಲೆ’ ಕೇಳಿದರೂ ಕೋಲು. ಅಕ್ಕಮಹಾದೇವಿಯವರ ಹೆಸರಿನ ಪುಟದ ವಿಳಾಸವನ್ನು ನೋಡಿದರೆ ಅಲ್ಲಿ ‘ಅಕಕಮಹದವ’ ಎಂದಿತ್ತು. ಬಸವಣ್ಣನವರ ಹೆಸರು ‘ಬಸವಣಣ’ ಆಗಿತ್ತು. ದೂರವಾಣಿಯಲ್ಲಿ ವಿಚಾರಿಸಿದಾಗ ಆಕೆ ಕಂಗಾಲಾಗಿ, “ಮುತ್ಯಾ, ನಾ ಬರೋಬ್ಬರಿ ಹಾಕೀನ್ರಿ. ಖರೇ ಒಳಗ ಏನಾಗ್ಯಾದೋ ನನಗ ತಿಳೀವಲ್ದು” ಎಂದಳು.

ಅದೇ ದಿನಗಳಲ್ಲಿ ಆಕೆಗೆ ಇನ್ನೊಂದು ಪೆಟ್ಟು ಬಿದ್ದಿತ್ತು. ಉದ್ಯೋಗದ ಸಂದರ್ಶನವೊಂದರಲ್ಲಿ, “ವಿಳಾಸ ಬರೆದು ಒತ್ತಿದ ಗಳಿಗೆಯಿಂದ ಪುಟ ಕಣ್ಣಿಗೆ ಬೀಳುವ ಗಳಿಗೆಯವರೆಗೆ ಏನೇನು ನಡೆಯುತ್ತದೆ?” ಎಂದು ಕೇಳಿದರಂತೆ. ಹತ್ತು ತಾಣ ಕಟ್ಟಿದ್ದ ಹುಡುಗಿಗೆ ಉತ್ತರ ಹೊಳೆಯಲಿಲ್ಲ. ಎರಡೂ ಸೋಲುಗಳ ಬೇರು ಒಂದೇ ಎಂಬುದು ನಮಗೆ ತಿಳಿದದ್ದು ಶ್ರಾವಣದಲ್ಲಿ.

ಚೌಕಟ್ಟೆಂದರೇನು?

ಆಕೆ ಕಲಿತದ್ದನ್ನು ವೆಬ್ ಫ್ರೇಮ್‌ವರ್ಕ್ ಎನ್ನುತ್ತಾರೆ. ಜಾಲತಾಣದ ಚೌಕಟ್ಟು ಎನ್ನಬಹುದು. ಬಡಿಗನ ಬಳಿ ಸಿದ್ಧ ಚೌಕಟ್ಟು ದೊರೆತರೆ ಮನೆ ಕಟ್ಟುವವನು ಬಾಗಿಲನ್ನು ಕೂಡಿಸಿದರೆ ಸಾಕಲ್ಲವೇ? ಹಾಗೆಯೇ ಇದು. ಎಲ್ಲ ತಾಣಗಳಿಗೂ ಬೇಕಾಗುವ ಸಾಮಾನ್ಯ ಕೆಲಸಗಳನ್ನು ಬಲ್ಲವರು ಒಮ್ಮೆ ಬರೆದಿಟ್ಟಿರುತ್ತಾರೆ. ಕಟ್ಟುವವನು ತನ್ನ ವಿಶೇಷವನ್ನಷ್ಟೇ ಸೇರಿಸುತ್ತಾನೆ.

ಇದರ ಹುಟ್ಟನ್ನು ಸ್ವಲ್ಪ ತಿಳಿಯುವುದು ಒಳಿತು. ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್ ಲೀ ಎಂಬವರು ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮಂಡಿಸಿದ್ದು ೧೯೮೯ರಲ್ಲಿ. ಮೊದಮೊದಲು ಬರೆದಿಟ್ಟ ಪುಟವನ್ನು ಇದ್ದಂತೆಯೇ ಕಳುಹಿಸುವುದಷ್ಟೇ ಸಾಧ್ಯವಿತ್ತು. ೧೯೯೩ರಲ್ಲಿ ಸಿ.ಜಿ.ಐ. ಎಂಬ ಏರ್ಪಾಡು ಬಂದ ಮೇಲೆ, ಕೇಳಿದವರಿಗೆ ತಕ್ಕಂತೆ ಪುಟವನ್ನು ಆ ಕ್ಷಣದಲ್ಲಿ ಸಿದ್ಧಪಡಿಸುವ ಪ್ರೋಗ್ರಾಂಗಳನ್ನು ಬರೆಯತೊಡಗಿದರು. ಆದರೆ ಪ್ರತಿಯೊಬ್ಬರೂ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕಾಗುತ್ತಿತ್ತು. ಆ ಬೇಸರವೇ ಚೌಕಟ್ಟುಗಳನ್ನು ಹುಟ್ಟಿಸಿತು. ಡೆನ್ಮಾರ್ಕಿನ ಡೇವಿಡ್ ಹೈನೆಮಿಯರ್ ಹಾನ್ಸನ್ ೨೦೦೪ರಲ್ಲಿ ‘ರೇಲ್ಸ್’ ಎಂಬುದನ್ನು ಲೋಕಕ್ಕೆ ಕೊಟ್ಟರು. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯ ಕಚೇರಿಯಲ್ಲಿ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಎಂಬ ತರುಣರು ಸುದ್ದಿಯ ಗಡುವಿಗೆ ಸರಿಯಾಗಿ ಪುಟಗಳನ್ನು ಹೊರತರಲು ಮಾಡಿಕೊಂಡ ಉಪಾಯವೇ ೨೦೦೫ರಲ್ಲಿ ‘ಜ್ಯಾಂಗೊ’ ಎಂಬ ಹೆಸರಿನಿಂದ ಪ್ರಕಟವಾಯಿತು. ೨೦೧೦ರಲ್ಲಿ ಆರ್ಮಿನ್ ರೊನಾಕರ್ ಎಂಬವರು ಏಪ್ರಿಲ್ ಒಂದರ ನಗೆಚಾಟಿಕೆಗೆಂದು ಒಂದೇ ಕಡತದ ಪುಟ್ಟ ಚೌಕಟ್ಟನ್ನು ಮಾಡಿ ಹಂಚಿದರು. ಜನ ಅದನ್ನು ನಿಜವೆಂದೇ ನಂಬಿ ಮೆಚ್ಚಿದಾಗ ಅದರಿಂದಲೇ ‘ಫ್ಲಾಸ್ಕ್’ ಎಂಬ ನಿಜವಾದ ಚೌಕಟ್ಟು ಬೆಳೆಯಿತು. ಇವೆಲ್ಲ ಮುಕ್ತ ತಂತ್ರಾಂಶಗಳು. ಒಳಗೆ ಏನಿದೆ ಎಂಬುದನ್ನು ಯಾರು ಬೇಕಾದರೂ ತೆರೆದು ಓದಬಹುದು. ತೆರೆದು ಓದುವವರು ಮಾತ್ರ ವಿರಳ.

ವಾಡಿಯ ಜಂಕ್ಷನ್, ನಾಗಾವಿಯ ಭಂಡಾರ

ಚೌಕಟ್ಟಿನ ಒಳಗೆ ನಡೆಯುವುದೇನು? ಆ ಕುವರಿ ತನ್ನ ಅಜ್ಜನಿಗೂ ನಮಗೂ ವಿವರಿಸಿದ ರೀತಿಯಲ್ಲಿಯೇ ಹೇಳುತ್ತೇವೆ.

ಕಲಬುರಗಿಯಿಂದ ಸೇಡಂಗೆ ರೈಲಿನಲ್ಲಿ ಬರುವವರು ಶಹಾಬಾದ್ ದಾಟಿ ವಾಡಿಗೆ ಬರುತ್ತಾರೆ. ವಾಡಿಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಹಳಿ ಯಾದಗಿರಿ, ರಾಯಚೂರುಗಳ ಕಡೆಗೆ. ಇನ್ನೊಂದು ಚಿತ್ತಾಪುರ, ಮಳಖೇಡ, ಸೇಡಂಗಳ ಮೇಲೆ ಸಿಕಂದರಾಬಾದಿನ ಕಡೆಗೆ. ಗಾಡಿ ಯಾವುದೆಂದು ನೋಡಿ ಅದಕ್ಕೆ ತಕ್ಕ ಹಳಿಯನ್ನು ಕೂಡಿಸುವ ಏರ್ಪಾಡು ಅಲ್ಲಿದೆ. ಚೌಕಟ್ಟಿನಲ್ಲಿಯೂ ಮೊದಲ ಕೆಲಸ ಇದೇ. ಬ್ರೌಸರ್ ಕಳುಹಿಸುವ ಕೋರಿಕೆ ಬರಿಯ ಕೆಲವು ಸಾಲುಗಳ ಬರಹ. ಮೊದಲ ಸಾಲಿನಲ್ಲಿ ತನಗೆ ಏನು ಬೇಕೆಂಬುದೂ ಅದರ ವಿಳಾಸವೂ ಇರುತ್ತವೆ. ಆ ವಿಳಾಸವನ್ನು ಓದಿ, ತನ್ನಲ್ಲಿರುವ ದಾರಿಗಳ ಪಟ್ಟಿಯೊಡನೆ ಹೋಲಿಸಿ, ಇದು ಇಂಥ ಕೆಲಸಗಾರನಿಗೆ ಸೇರಿದ್ದು ಎಂದು ಚೌಕಟ್ಟು ತೀರ್ಮಾನಿಸುತ್ತದೆ. ಪಟ್ಟಿಯಲ್ಲಿ ಯಾವ ದಾರಿಯೂ ಹೊಂದದಿದ್ದರೆ ‘೪೦೪’ ಎಂಬ ಅಂಕೆಯನ್ನು ಮರಳಿಸುತ್ತದೆ. ನೀವು ಕೇಳಿದ್ದು ಇಲ್ಲಿಲ್ಲ ಎಂದು ಅದರ ಅರ್ಥ. ದೊರೆತರೆ ‘೨೦೦’. ಒಳಗೆ ತಾನೇ ಎಡವಿದರೆ ‘೫೦೦’.

ಮುಂದಿನದು ಭಂಡಾರದ ಕೆಲಸ. ಚಿತ್ತಾಪುರದ ಮಗ್ಗುಲಲ್ಲಿಯೇ ನಾಗಾವಿ ಇದೆ. ಹನ್ನೊಂದನೆಯ ಶತಮಾನದಲ್ಲಿ ಅಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. ಅಲ್ಲಿಯ ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು ಕ್ರಿ.ಶ. ೧೦೫೮ರ ಶಾಸನ ತಿಳಿಸುತ್ತದೆ. ವಿದ್ಯಾರ್ಥಿ ಗ್ರಂಥವನ್ನು ಕೇಳಿದಾಗ ಭಂಡಾರಿಗನು ಒಳಹೊಕ್ಕು ಹುಡುಕಿ ತಂದುಕೊಡುತ್ತಿದ್ದನಷ್ಟೆ? ಚೌಕಟ್ಟಿನ ಕೆಲಸಗಾರನೂ ಹಾಗೆಯೇ ಡೇಟಾಬೇಸ್ ಎಂಬ ಭಂಡಾರದಿಂದ ಬೇಕಾದ ಚೀಟಿಯನ್ನು ತರುತ್ತಾನೆ.

ಮೂರನೆಯದು ಅಚ್ಚು. ಲಗ್ನಪತ್ರಿಕೆಯ ಮುದ್ರಣಾಲಯದಲ್ಲಿ ಸಿದ್ಧ ನಮೂನೆಗಳಿರುತ್ತವೆ. ವಧೂವರರ ಹೆಸರು, ಮುಹೂರ್ತ, ಸ್ಥಳಗಳ ಜಾಗ ಮಾತ್ರ ಖಾಲಿ. ಅಂಥ ನಮೂನೆಗೆ ಇಲ್ಲಿ ಟೆಂಪ್ಲೇಟ್ ಎನ್ನುತ್ತಾರೆ. ಭಂಡಾರದಿಂದ ಬಂದ ಪದ, ಅರ್ಥ, ಹೆಸರುಗಳನ್ನು ಆ ಖಾಲಿ ಜಾಗಗಳಲ್ಲಿ ತುಂಬಿದರೆ ಪುಟ ಸಿದ್ಧ. ಅದನ್ನು ಕೋರಿದವರಿಗೆ ಮರಳಿಸಿದರೆ ಕೆಲಸ ಮುಗಿಯಿತು. ಕೋರಿಕೆ, ದಾರಿ, ಭಂಡಾರ, ನಮೂನೆ, ಉತ್ತರ: ಎಷ್ಟೇ ದೊಡ್ಡ ಚೌಕಟ್ಟಾದರೂ ಅದರ ಬೆನ್ನೆಲುಬು ಈ ಐದೇ ಎಂದು ಆಕೆ ಹೇಳಿದಳು.

ಹೀಗೆ ನಮಗೆ ತಿಳಿಯುವಂತೆ ಹೇಳಬಲ್ಲ ಹುಡುಗಿ ಸಂದರ್ಶನದಲ್ಲಿ ಏಕೆ ಬಾಯಿ ಕಟ್ಟಿ ನಿಂತಳು? ಆಗ ಆಕೆಗೆ ಇದು ತಿಳಿದಿರಲಿಲ್ಲ. ತರಬೇತಿಯಲ್ಲಿ, ಈ ಆಜ್ಞೆಯನ್ನು ಬರೆಯಿರಿ, ಆ ಕಡತವನ್ನು ತುಂಬಿರಿ, ತಾಣ ಬರುತ್ತದೆ ಎಂದು ಕಲಿಸಿದ್ದರು. ಬರೆದಳು, ತುಂಬಿದಳು, ತಾಣ ಬಂದಿತು. ಅಮರಕೋಶವನ್ನು ಅರ್ಥವಿಲ್ಲದೆ ಉರುಹೊಡೆದು ಒಪ್ಪಿಸುತ್ತಿದ್ದ ಬಾಲ್ಯದ ನಮ್ಮ ಪರಿಗೂ ಅದಕ್ಕೂ ಭೇದವಿರಲಿಲ್ಲ.

ನೂರೈವತ್ತು ಸಾಲುಗಳ ಸಾಧನೆ

ಸೋತ ಹುಡುಗಿ ಮಾಡಿದ್ದೇನೆಂದರೆ, ತಾನೇ ಒಂದು ಪುಟ್ಟ ಚೌಕಟ್ಟನ್ನು ಮೊದಲಿನಿಂದ ಕಟ್ಟತೊಡಗಿದಳು. ಮಾರುವುದಕ್ಕಲ್ಲ, ಮೆರೆಯುವುದಕ್ಕಲ್ಲ, ತಿಳಿಯುವುದಕ್ಕೆ. ನಿತ್ಯ ಸಂಜೆ ಪ್ರವಚನ ಮುಗಿಸಿ ಪ್ರಸಾದ ಸ್ವೀಕರಿಸಿದ ಮೇಲೆ ಪಡಸಾಲೆಯ ಫರ್ಸಿಯ ಮೇಲೆ ಯಂತ್ರವನ್ನಿಟ್ಟುಕೊಂಡು ಆಕೆ ಕುಳಿತುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಇನ್ನೂರು ಪುಟದ ಒಂದು ನೋಟುಬುಕ್ಕು. ಅಂದು ಏನು ಮಾಡಿದೆ, ಏನಾಗುವುದೆಂದು ತಿಳಿದಿದ್ದೆ, ಏನಾಯಿತು, ಏಕಾಯಿತು ಎಂಬುದನ್ನು ಕನ್ನಡದಲ್ಲಿ ಬರೆಯುವುದು ಆಕೆಯ ನಿಯಮ. ಇಂಗ್ಲಿಷಿನಲ್ಲಿ ಕಲಿತದ್ದನ್ನು ಕನ್ನಡದಲ್ಲಿ ಏಕೆ ಬರೆಯುವೆ ಎಂದು ನಾವು ಕೇಳಿದೆವು. “ಇಂಗ್ಲಿಷ್‌ನ್ಯಾಗ ಬರೀಲಾಕ ಕುಂತ್ರ ಪುಸ್ತಕದಾಗಿನ ಮಾತೇ ಕೈಗೆ ಬರ್ತಾವ್ರಿ ಮುತ್ಯಾ. ಕನ್ನಡದಾಗ ಬರೀಲಾಕ ಕುಂತ್ರ ನನಗ ತಿಳೀಲಾರದ್ದು ಎಲ್ಲಿ ಅದ ಅಂತ ಗೊತ್ತಾಗ್ತದ” ಎಂದಳು. ಅಧ್ಯಾಪನ ಮಾಡಿದ ನಮಗೆ ಈ ಮಾತು ನಾಟಿತು.

ಮೊದಲ ದಿನ ೮೦೦೦ ಎಂಬ ಅಂಕೆಯ ಬಾಗಿಲಿನಲ್ಲಿ ಕಾದು ಕುಳಿತು, ಬಂದ ಕೋರಿಕೆಯನ್ನು ಓದಿ ಪರದೆಯ ಮೇಲೆ ತೋರಿಸುವಷ್ಟನ್ನು ಬರೆದಳು. ಬ್ರೌಸರ್ ಏನೆಂದು ಕೇಳುತ್ತದೆ ಎಂಬುದನ್ನು ಆಕೆ ತನ್ನ ಕಣ್ಣಿನಿಂದ ನೋಡಿದ್ದು ಅದೇ ಮೊದಲಂತೆ. ಎರಡನೆಯ ದಿನ ಉತ್ತರ ಕಳುಹಿಸಿದಳು, ಏನೂ ಕಾಣಲಿಲ್ಲ. ಉತ್ತರದ ತಲೆಬರಹಕ್ಕೂ ಒಡಲಿಗೂ ನಡುವೆ ಒಂದು ಖಾಲಿ ಸಾಲನ್ನು ಬಿಡಬೇಕೆಂಬುದು ಕಟ್ಟಳೆ. ಅದನ್ನು ಮರೆತಿದ್ದಳು. ಲಕೋಟೆ ಎಲ್ಲಿ ಮುಗಿದು ಕಾಗದ ಎಲ್ಲಿ ಮೊದಲಾಯಿತೆಂದು ಓದುವವನಿಗೆ ತಿಳಿಯದೆ ಹೋಗಿತ್ತು. ದೊಡ್ಡ ಚೌಕಟ್ಟು ಆ ಖಾಲಿ ಸಾಲನ್ನು ತಾನೇ ಸೇರಿಸುವುದರಿಂದ, ಅಂಥದೊಂದು ಇದೆಯೆಂಬುದೇ ಆಕೆಗೆ ಗೊತ್ತಿರಲಿಲ್ಲ.

ಮೂರನೆಯ ದಿನದ ಪ್ರಸಂಗವನ್ನು ನಾವು ಮರೆಯುವಂತಿಲ್ಲ. ಪುಟದಲ್ಲಿ ‘ಬಸವಣ್ಣ’ ಎಂಬ ಒಂದೇ ಪದವನ್ನು ಕಳುಹಿಸಿದಳು. ಪರದೆಯ ಮೇಲೆ ಬಂದದ್ದು ‘ಬಸ’ ಎಂದಷ್ಟೇ. ಪಕ್ಕದಲ್ಲಿದ್ದ ಆಕೆಯ ತಮ್ಮ, “ಅಕ್ಕಾ, ಇನ್ನ ಬಸ್ ಮಾಡು ಅಂತದ ನೋಡು” ಎಂದು ನಕ್ಕ. ಆಕೆ ನಗಲಿಲ್ಲ. ಸರಿರಾತ್ರಿಯವರೆಗೆ ಕುಳಿತು ಕಾರಣವನ್ನು ಕಂಡುಹಿಡಿದಳು.

ಆ ಕಾರಣ ಹೀಗಿದೆ. ನಮ್ಮ ಕಣ್ಣಿಗೆ ‘ಬಸವಣ್ಣ’ ಎಂಬಲ್ಲಿ ನಾಲ್ಕು ಅಕ್ಷರಗಳು. ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ಬ, ಸ, ವ, ಣ, ವಿರಾಮ ಚಿಹ್ನೆ, ಮತ್ತೊಂದು ಣ ಎಂದು ಆರು ಸಂಕೇತಗಳು. ಅವು ತಂತಿಯ ಮೇಲೆ ಸಾಗುವಾಗ ಒಂದೊಂದು ಕನ್ನಡ ಸಂಕೇತವೂ ಮೂರು ಬೈಟ್‌ಗಳಾಗುತ್ತದೆ, ಒಟ್ಟು ಹದಿನೆಂಟು. ಉತ್ತರದ ತಲೆಬರಹದಲ್ಲಿ ಒಡಲಿನ ಅಳತೆಯನ್ನು ಬೈಟ್‌ಗಳಲ್ಲಿ ಹೇಳಬೇಕು. ಆಕೆ ಸಂಕೇತಗಳನ್ನು ಎಣಿಸಿ ಆರು ಎಂದು ಬರೆದಿದ್ದಳು. ಬ್ರೌಸರ್ ಆರೇ ಬೈಟ್‌ಗಳನ್ನು ತೆಗೆದುಕೊಂಡು ಸುಮ್ಮನಾಯಿತು. ಆರು ಬೈಟ್ ಎಂದರೆ ಎರಡು ಅಕ್ಷರ, ಆದುದರಿಂದ ‘ಬಸ’. ಇಂಗ್ಲಿಷ್ ಅಕ್ಷರವೊಂದಕ್ಕೆ ಒಂದೇ ಬೈಟ್ ಆದುದರಿಂದ ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದವನಿಗೆ ಈ ತಪ್ಪು ಎಂದೂ ಕಾಣಿಸುವುದಿಲ್ಲ. ಕನ್ನಡದಲ್ಲಿ ಬರೆದುದರಿಂದಲೇ ಅದು ಕಂಡಿತು.

ಹೀಗೆ ತಿಂಗಳು ಕಳೆಯುವಷ್ಟರಲ್ಲಿ ಪೈಥಾನ್ ಭಾಷೆಯಲ್ಲಿ ನೂರೈವತ್ತು ಸಾಲುಗಳ ಪುಟ್ಟ ಚೌಕಟ್ಟು ಸಿದ್ಧವಾಯಿತು. ದಾರಿಗಳ ಪಟ್ಟಿ, ಭಂಡಾರದ ನಂಟು, ನಮೂನೆ ತುಂಬುವ ಉಪಾಯ, ಎಲ್ಲವೂ ಅದರಲ್ಲಿದ್ದವು.

ಕಳೆದುಹೋದ ಕಾಗುಣಿತ

ಇಷ್ಟಾದ ಮೇಲೆ ಆಕೆ ನಮ್ಮ ಚೀಟಿಗಳ ತಾಣಕ್ಕೆ ಮರಳಿದಳು. ಈಗ ದೊಡ್ಡ ಚೌಕಟ್ಟಿನ ಒಳಗನ್ನು ತೆರೆದು ಓದುವ ಧೈರ್ಯ ಬಂದಿತ್ತು. ಪದದಿಂದ ವಿಳಾಸವನ್ನು ತಯಾರಿಸುವ ಭಾಗವನ್ನು ಹುಡುಕಿ ತೆಗೆದಳು. ವಿಳಾಸದಲ್ಲಿ ಬೇಡದ ಚಿಹ್ನೆಗಳು ಸೇರದಿರಲೆಂದು ಅಲ್ಲಿ ಒಂದು ಜರಡಿಯನ್ನಿಟ್ಟಿದ್ದರು. ಅಕ್ಷರ, ಅಂಕೆಗಳನ್ನು ಉಳಿಸಿಕೊಂಡು ಮಿಕ್ಕುದನ್ನು ಉದುರಿಸುವುದು ಅದರ ಕೆಲಸ. ಕೇಳಲು ಸರಿಯಾಗಿಯೇ ಇದೆ. ಆದರೆ ಯೂನಿಕೋಡಿನ ವರ್ಗೀಕರಣದಲ್ಲಿ ಕ, ಖ, ಗ ಎಂಬ ವ್ಯಂಜನಗಳು ಅಕ್ಷರಗಳು. ತಲೆಕಟ್ಟಿನ ಮೇಲೆ ಬರುವ ಇಳಿ, ಗುಡಿಸು, ಕೊಂಬು, ಏತ್ವ, ಓತ್ವಗಳೂ ವಿರಾಮ ಚಿಹ್ನೆಯೂ ಅಕ್ಷರಗಳಲ್ಲ. ಅಕ್ಷರಕ್ಕೆ ಅಂಟಿ ಬರುವ ಗುರುತುಗಳು. ಜರಡಿ ಆ ಗುರುತುಗಳನ್ನೆಲ್ಲ ಕಸವೆಂದು ಉದುರಿಸಿಬಿಟ್ಟಿತ್ತು!

ಕಾಗುಣಿತ ಕಳೆದರೆ ಕನ್ನಡದಲ್ಲಿ ಉಳಿಯುವುದೇನು? ಕುಲ, ಕಾಲ, ಕಲಿ, ಕಲೆ, ಕೂಲಿ, ಕೀಲು, ಕೋಲು ಇವೆಲ್ಲವೂ ‘ಕಲ’ ಆದವು. ಏಳು ಪದಗಳಿಗೆ ಒಂದೇ ವಿಳಾಸ. ಕೊನೆಗೆ ಬಂದವನು ಮೊದಲಿದ್ದವನನ್ನು ಹೊರಗೆ ಹಾಕಿದ. ಆದುದರಿಂದಲೇ ಕುಲ ಕೇಳಿದ ನಮಗೆ ಕೋಲು ದೊರೆತದ್ದು. ಆ ಜರಡಿಯನ್ನು ಹೆಣೆದವರಲ್ಲಿ ದುರುದ್ದೇಶವಿರಲಿಲ್ಲ. ಅವರ ಲಿಪಿಯಲ್ಲಿ ಸ್ವರಗಳು ವ್ಯಂಜನದ ಪಕ್ಕದಲ್ಲಿ ಬೇರೆಯೇ ಅಕ್ಷರಗಳಾಗಿ ನಿಲ್ಲುತ್ತವೆ. ನಮ್ಮಲ್ಲಿ ವ್ಯಂಜನದ ಮೈಗೆ ಅಂಟುತ್ತವೆ. ಅವರಿಗೆ ಆ ನೆನಪು ಬರಲಿಲ್ಲ. ತೆಲುಗು, ತಮಿಳು, ದೇವನಾಗರಿ ಲಿಪಿಗಳಿಗೂ ಇದೇ ಗತಿ. ಆಯಾ ಭಾಷೆಯವರು ಒಳಹೊಕ್ಕು ನೋಡಿ ಹೇಳದಿದ್ದರೆ ಇನ್ನಾರು ಹೇಳಬೇಕು?

ಮದ್ದು ಸರಳವಾಗಿತ್ತು. ಗುರುತುಗಳನ್ನೂ ಉಳಿಸಿಕೊಳ್ಳುವ ಹೊಸ ಜರಡಿಯನ್ನು ಆಕೆ ಹತ್ತೇ ಸಾಲುಗಳಲ್ಲಿ ಬರೆದಳು. ‘ಕೊ’ ಎಂಬಂಥ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಲು ಸಾಧ್ಯ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಅವೆರಡನ್ನೂ ಮೊದಲು ಒಂದೇ ರೂಪಕ್ಕೆ ತರುವ ಎಚ್ಚರವನ್ನೂ ವಹಿಸಿದಳು. ಬಳಿಕ ಪರೀಕ್ಷೆಗೆಂದು ಆಕೆ ಬಳಸಿದ್ದು ಯಾವುದು ಗೊತ್ತೇ? ಒಂದನೆಯ ಇಯತ್ತೆಯ ಬಳ್ಳಿ. ಕ, ಕಾ, ಕಿ, ಕೀ ಎಂದು ಆರಂಭಿಸಿ ಕಾಗುಣಿತವನ್ನೆಲ್ಲ ಯಂತ್ರಕ್ಕೆ ಒಪ್ಪಿಸಿ, ಒಂದೊಂದಕ್ಕೂ ಬೇರೆ ಬೇರೆ ವಿಳಾಸ ಬರುವುದೆಂದು ಖಚಿತಪಡಿಸಿಕೊಂಡಳು. ಅಂದು ರಾತ್ರಿ ಅಕ್ಕಮಹಾದೇವಿಯವರ ಹೆಸರು ಇಡಿಯಾಗಿ ಪರದೆಯ ಮೇಲೆ ಮೂಡಿದಾಗ ನಮ್ಮ ಕಣ್ಣು ತೇವವಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ತನ್ನ ಪುಟ್ಟ ಚೌಕಟ್ಟನ್ನು ಆಕೆ ಲೋಕದ ಬಳಕೆಗೆ ಇಡಲಿಲ್ಲ. ನಮ್ಮ ತಾಣ ದೊಡ್ಡ ಚೌಕಟ್ಟಿನ ಮೇಲೆಯೇ ನಿಂತಿದೆ. ಸಾರ್ವಜನಿಕ ತಾಣಕ್ಕೆ ಕಳ್ಳರೂ ಬರುತ್ತಾರೆ. ಹುಡುಕುವ ಪದದ ಜಾಗದಲ್ಲಿ ಭಂಡಾರವನ್ನೇ ಅಳಿಸುವ ಆಜ್ಞೆಯನ್ನು ತುರುಕುವವರುಂಟು. ಬೇರೆಯವರ ಪುಟದಲ್ಲಿ ತಮ್ಮ ಪ್ರೋಗ್ರಾಂ ನುಸುಳಿಸುವವರುಂಟು. ಅಂಥವರನ್ನು ತಡೆಯುವ ಕಾವಲನ್ನು ದೊಡ್ಡ ಚೌಕಟ್ಟುಗಳಲ್ಲಿ ಅನೇಕರು ಅನೇಕ ವರ್ಷ ಶ್ರಮಿಸಿ ಕಟ್ಟಿದ್ದಾರೆ. ಪುಟ್ಟದನ್ನು ಕಟ್ಟುವುದು ದೊಡ್ಡದನ್ನು ಬಿಡುವುದಕ್ಕಲ್ಲ, ಅರಿತು ಬಳಸುವುದಕ್ಕೆ.

ಹಿಂದಿನವರ ಹಾದಿ

ಈ ಹಾದಿ ನಮ್ಮ ನಾಡಿಗೆ ಹೊಸದೇನಲ್ಲ. ಫ. ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ೧೯೨೩ರಲ್ಲಿ ಹೊರತಂದ ಮೇಲೆ, ಇತರರ ಮುದ್ರಣಾಲಯಗಳನ್ನು ನೆಚ್ಚಿ ಕುಳಿತರೆ ವಚನಗಳು ಬೆಳಕು ಕಾಣಲಾರವೆಂದು ಅರಿತು ೧೯೨೫ರಲ್ಲಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತಾವೇ ತೆರೆದರು. ಮರುವರ್ಷವೇ ‘ಶಿವಾನುಭವ’ ಪತ್ರಿಕೆ ಹೊರಟಿತು. ಮೊಳೆ, ಮಸಿ, ಕಾಗದಗಳ ಒಳಹೊರಗನ್ನು ವಕೀಲರು ಕಲಿಯಬೇಕಾಯಿತು. ಕಲಿತುದರಿಂದಲೇ ತಾಳೆಗರಿಯ ವಚನಗಳು ನಮ್ಮ ಕೈಸೇರಿದವು.

ಗಣಕಯಂತ್ರದ ಕಾಲಕ್ಕೆ ಬಂದರೆ ಕಿನ್ನಿಕಂಬಳ ಪದ್ಮನಾಭ ರಾಯರನ್ನು ನೆನೆಯಬೇಕು. ಕನ್ನಡದ ಒಂದೊಂದು ಆಕಾರಕ್ಕೂ ಒಂದೊಂದು ಕೀಲಿ ಬೇಕಿಲ್ಲ. ವ್ಯಂಜನವನ್ನೂ ಸ್ವರವನ್ನೂ ಒತ್ತಿದರೆ ಗುಣಿತಾಕ್ಷರ ತಾನಾಗಿ ಕೂಡಬೇಕೆಂಬ ತತ್ತ್ವದ ಮೇಲೆ ಅವರು ರಚಿಸಿದ ಕೀಲಿಮಣೆಯ ವಿನ್ಯಾಸವನ್ನೇ ಕರ್ನಾಟಕ ಸರ್ಕಾರ ಮಾನ್ಯಮಾಡಿತು. ನಮ್ಮ ಬಾಲೆ ಜರಡಿಯಲ್ಲಿ ಉಳಿಸಿಕೊಂಡ ಗುಟ್ಟೂ ಅದೇ ಅಲ್ಲವೇ? ಡಾ. ಯು. ಬಿ. ಪವನಜರು ೧೯೯೬ರಲ್ಲಿಯೇ ‘ವಿಶ್ವ ಕನ್ನಡ’ವೆಂಬ ಜಾಲಪತ್ರಿಕೆಯನ್ನು ತೆರೆದರು, ಶೇಷಾದ್ರಿವಾಸು ಚಂದ್ರಶೇಖರನ್ ೧೯೯೮ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದರು. ಕರ್ನಾಟಕ ಸರ್ಕಾರ ೧೯೯೩ರಲ್ಲಿ ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ‘ಸಮಗ್ರ ವಚನ ಸಂಪುಟ’ವನ್ನು ಪ್ರಕಟಿಸಿದ ಮೇಲೆ ವಚನಗಳೆಲ್ಲ ಒಂದೆಡೆ ದೊರೆತವು. ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ವಚನಗಳಲ್ಲಿ ಬೇಕಾದ ಪದವನ್ನು ಕ್ಷಣದಲ್ಲಿ ಹುಡುಕಿ ಕೊಡುವ ‘ವಚನ ಸಂಚಯ’ವೆಂಬ ತಾಣವನ್ನು ಪ್ರೊ. ಓ. ಎಲ್. ನಾಗಭೂಷಣ ಸ್ವಾಮಿಯವರ ವಿದ್ವತ್ತಿನ ಬೆಂಬಲದಿಂದ ಓಂಶಿವಪ್ರಕಾಶ ಮತ್ತು ಅವರ ಗೆಳೆಯರು ಕಟ್ಟಿದರು. ವಿದ್ವಾಂಸರೂ ತಂತ್ರ ಬಲ್ಲವರೂ ಒಂದೇ ಜಗಲಿಯಲ್ಲಿ ಕುಳಿತರೆ ಏನಾದೀತೆಂಬುದಕ್ಕೆ ಅದು ಸಾಕ್ಷಿ.

ಪಾಲಕರಲ್ಲಿ ಬಿನ್ನಹ

ಮಕ್ಕಳನ್ನು ಗಣಕ ವಿದ್ಯೆಗೆ ಕಳುಹಿಸಿದ ತಾಯಿತಂದೆಗಳಲ್ಲಿ ನಮ್ಮದೊಂದು ಬಿನ್ನಹ. ಎಷ್ಟು ಪ್ರಮಾಣಪತ್ರ ಬಂದವು ಎಂದು ಎಣಿಸಬೇಡಿರಿ. ವಾರಕ್ಕೊಮ್ಮೆ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂಡ್ರಿಸಿಕೊಂಡು, “ನೀನು ಕಲಿತದ್ದನ್ನು ನನಗೆ ತಿಳಿಯುವಂತೆ ಹೇಳು” ಎಂದು ಕೇಳಿರಿ. ನಿಮಗೆ ಆ ವಿದ್ಯೆ ಬಾರದಿದ್ದರೂ ಚಿಂತೆಯಿಲ್ಲ. ಹೇಳುವಾಗ ಎಲ್ಲಿ ತಡವರಿಸುವರೋ ಅಲ್ಲಿ ತಿಳಿವಳಿಕೆ ಸಾಲದೆಂದು ಅವರಿಗೇ ಗೊತ್ತಾಗುತ್ತದೆ. ಒಂದು ನೋಟುಬುಕ್ಕನ್ನು ತಂದುಕೊಟ್ಟು, ದಿನವೂ ಕಾಲು ಪುಟವಾದರೂ ತಮ್ಮ ಮಾತಿನಲ್ಲಿ ಬರೆಯಲು ಹೇಳಿರಿ. ಗೆದ್ದದ್ದಕ್ಕಿಂತ ಎಡವಿದ್ದನ್ನು ಹೆಚ್ಚು ಬರೆಯಲಿ. ಹದಿನೆಂಟನ್ನು ಆರೆಂದು ಬರೆದ ಆ ತಪ್ಪೇ ನಮ್ಮ ಹುಡುಗಿಗೆ ಎಲ್ಲಕ್ಕಿಂತ ದೊಡ್ಡ ಗುರುವಾಯಿತು.

ತೊಗರಿ ರಾಶಿಯ ಹೊತ್ತಿಗೆ ಆಡಕಿಯಿಂದ ಸುದ್ದಿ ಬಂದಿತು. ಇನ್ನೊಂದು ಸಂದರ್ಶನದಲ್ಲಿ ಅದೇ ಪ್ರಶ್ನೆಯನ್ನು ಕೇಳಿದರಂತೆ. ಆಕೆ ಒಂದು ಹಾಳೆಯನ್ನು ಕೇಳಿ ಪಡೆದು, ವಾಡಿಯ ಜಂಕ್ಷನ್ನಿನಿಂದ ಆರಂಭಿಸಿ ಎಲ್ಲವನ್ನೂ ಬರೆದು 

ತೋರಿಸಿದಳಂತೆ. ಕಲಬುರಗಿಯಲ್ಲಿಯೇ ಕೆಲಸವಾಗಿದೆ. ಸಂಬಳ ದೊಡ್ಡದೇನಲ್ಲ, ಮನೆಯವರು ಸಂತೋಷವಾಗಿದ್ದಾರೆ. ರವಿವಾರ ಊರಿಗೆ ಬಂದಾಗ ಓಣಿಯ ನಾಲ್ಕಾರು ಹುಡುಗರು ಆಕೆಯ ನೋಟುಬುಕ್ಕನ್ನು ಮುಂದಿಟ್ಟುಕೊಂಡು ತಮ್ಮ ತಮ್ಮ ಪುಟ್ಟ ಚೌಕಟ್ಟುಗಳನ್ನು ಕಟ್ಟುತ್ತಿದ್ದಾರಂತೆ.

ನಮ್ಮ ಚೀಟಿಗಳಲ್ಲಿ ಎರಡು ಸಾವಿರ ಯಂತ್ರ ಸೇರಿವೆ; ಆರು ಸಾವಿರ ಇನ್ನೂ ಡಬ್ಬಿಯಲ್ಲಿವೆ. ಮೊನ್ನೆ ನಾವು ‘ಕುಲ’ ಎಂದು ಕೇಳಿ ನೋಡಿದೆವು. ಕುಲವೇ ಬಂದಿತು.